ಕತ್ತರಿ ಬೇಡದ ಕಾಲ

ಪ್ಯಾಂಟಿಗೆ ಎರಡೇ ಕಾಲು. ಮಾತಿಗೆ ಮೂರು ಕಾಲ.
ಮೂರನೆಯದನ್ನು ನಾನು ಕಲಿತದ್ದು
ಬಳ್ಳಾರಿಯ ಕೌಲ್ ಬಜಾರಿನ ತಗಡು ಶೆಡ್ಡಿನಲ್ಲಿ,
ರದ್ದಾದ ಆರ್ಡರಿನ ಲೇಬಲ್ ಸುರುಳಿಯಿಂದ.

ಎಂಟುನೂರು ಜೀನ್ಸು ಸ್ಪೇನಿಗೆ ಹೋಗಬೇಕಿತ್ತು.
ಹೋಗಲಿಲ್ಲ. ಲೇಬಲ್ಲು ಉಳಿಯಿತು,
ಬೆರಳಗಲದ ಬಿಳಿ ಪಟ್ಟಿ, ಅದರ ಮೇಲೆ
ಲವಾರ್, ಸೆಕಾರ್, ಪ್ಲಾಂಚಾರ್:
ಒಗೆ, ಒಣಗಿಸು, ಇಸ್ತ್ರಿ ಹಾಕು.
ಬರೆಯುವುದು ವ, ನುಡಿಯುವುದು ಬ.
ವನವನ್ನು ಬನ ಎಂದ ನಾಲಗೆಗೆ
ಅದೇನು ಹೊಸತಲ್ಲ.

ರಾಯಲ್ ಸರ್ಕಲ್ಲಿನಲ್ಲಿ ನಲವತ್ತು ರೂಪಾಯಿಗೆ
ಹೊದಿಕೆ ಹರಿದ ವ್ಯಾಕರಣ ಸಿಕ್ಕಿತು.
ಕರೆಂಟು ಹೋದಾಗಲೆಲ್ಲ ಒಂದು ಪುಟ.
ಇಂಗ್ಲಿಷು ತೊಡರಿದಲ್ಲಿ ಬಿಡಿಸಿ ಹೇಳಲು
ವಾಷಿಂಗಿನ ಎರ್ರಿಸ್ವಾಮಿ, ಬಿ.ಎ. ಎರಡನೇ ವರ್ಷ ಫೇಲು.

ವರ್ತಮಾನಕ್ಕೆ ಕತ್ತರಿ ಬೇಕು ನೋಡು ಹೊನ್ನೂರ್ಬಿ,
ಬಾಲದ ಆರ್ ಕತ್ತರಿಸಿ, ಉಳಿದ ಚೂರಿಗೆ ತೇಪೆ.
ಭವಿಷ್ಯತ್ತಿಗೆ ಬೇಡ.
ಬಟ್ಟೆ ಇಡಿಯಾಗೇ ಇರಲಿ,
ಅಂಚಿಗೆ ಪಟ್ಟಿ ಹೊಲಿದರೆ ಮುಗೀತು:
ಏ, ಆಸ್, ಆ, ಏಮೋಸ್, ಏಯಿಸ್, ಆನ್.

ಲವಾರೇ, ನಾನು ಒಗೆಯುವೆ.
ಲವಾರಾಸ್, ನೀನು ಒಗೆಯುವೆ.
ನಮ್ಮಲ್ಲಿ ನನಗೂ ನಿನಗೂ ಒಂದೇ ಅಳತೆ,
ಅವರಲ್ಲಿ ಬೇರೆ ಬೇರೆ.

ಆರ್ ಡೆನಿಮ್ಮು, ಏರ್ ಪಾಪ್ಲಿನ್ನು, ಈರ್ ಟೆರಿಕಾಟು,
ಮೂರು ಥಾನಿಗೂ ಅವೇ ಆರು ಪಟ್ಟಿ, ಅದೇ ದಾರ.
ಕೊಸೇರ್, ಹೊಲಿ. ಕೊಸೇರೇ, ಹೊಲಿಯುವೆ.
ವಿವೀರ್, ಬದುಕು. ಬಾಯಲ್ಲಿ ಅದು ಬಿಬೀರ್,
ಅವರ ಬದುಕೂ ಬ-ದಿಂದಲೇ.

ಪಟ್ಟಿಯ ಸ್ವರದ ನೆತ್ತಿಗೆ ಒಂದು ಓರೆಗೆರೆ,
ಜೇಬಿನ ಮೂಲೆಗೆ ಬಡಿದ ತಾಮ್ರದ ರಿವೆಟ್ಟು:
ಭಾರ ಬೀಳುವುದು ಅಲ್ಲೇ.
ಐದಕ್ಕೆ ಉಂಟು. ನಾವು ಎಂಬುದಕ್ಕೆ ಮಾತ್ರ ಇಲ್ಲ.
ಯಾಕೆ, ಎಂದೆ.
ಎರ್ರಿಸ್ವಾಮಿ ನೀಲಿ ಹತ್ತಿದ ಉಗುರು ನೋಡಿಕೊಂಡ.
ನಿಯಮ ಏನೋ ಇದ್ದೀತು.

ನೂರ ಹನ್ನೆರಡನೇ ಪುಟದಲ್ಲಿ ಎದುರಾಯಿತು
ಪಗಾರ್.
ಕೊಡು, ಬಾಕಿ ತೀರಿಸು.
ಅಯ್ಯೋ, ಇದು ನಮ್ಮದೇ!
ಯಾವ ಬಂದರಿಗೆ ಇಳಿದು, ಯಾರ ಕೈ ದಾಟಿ
ನಮ್ಮ ತಿಂಗಳ ಕೊನೆಗೆ ಬಂದು ಕೂತಿತ್ತೋ.

ಎರಡು ತಿಂಗಳಿಂದ ಅದು ಬರೀ ಪದ.
ಪಗಾರಾ, ಕೊಡುವನು.
ಆ ಭಾಷೆಯಲ್ಲಿ ಊಹೆಗೂ ಅದೇ ರೂಪವಂತೆ,
ಕೊಡುವನು ಎಂದರೂ ಅದೇ, ಕೊಟ್ಟಾನು ಎಂದರೂ ಅದೇ.
ಸೀತಾರಾಮುಲು ಶೆಟ್ರು ಮಾತ್ರ
ಯಾವ ಪುಸ್ತಕವೂ ಓದದೆ ಕಲಿತವರು:
ಬರೋ ಶನಿವಾರ ಕೊಡ್ತೀನಮ್ಮ,
ಬರೋ ಶನಿವಾರ.

ಪಗಾರೇ ಎಂದರೆ ಕೊಡುವೆ.
ಅಲ್ಲಿ ಪ್ರೋನೋಟಿಗೆ ಇಟ್ಟ ಹೆಸರೂ ಅದೇ.
ಶನಿವಾರ ಸುರುಳಿಯಿಂದ ಗೇಣುದ್ದ ಲೇಬಲ್ ಹರಿದೆ,
ಹಿಂಬದಿಗೆ ಬರೆದೆ: ಪಗಾರೇ.
ಕೆಳಗೆ ಹದಿನೆಂಟು ಸಾವಿರದ ನಾನೂರು.

ಏನಿದು, ಒಗೆಯೋ ಚೀಟಿನಾ?
ಹ್ಞೂಂ ಶೆಟ್ರೆ, ಸೈನ್ ಹಾಕಿ.
ನಗುತ್ತಲೇ ಹಾಕಿದರು.

ಸೋಮವಾರ ಹನ್ನೊಂದು ಮಂದಿ
ಲೇಬಲ್ ಕೇಳಿದರು.