ಲೆಕ್ಕದ ಪುಸ್ತಕದಲ್ಲಿಲ್ಲದ್ದು

ಮೈಕು ನನ್ನ ಕೈಗೆ ಕೊಟ್ಟಿದ್ದಾರೆ.
ಹೆರಿಗೆಮನೆಯ ಬೆಳ್ಳಿಹಬ್ಬ. ಶಾಮಿಯಾನದಡಿ
ಬಿಷಪ್ಪರು, ಸುತ್ತಲ ಎಸ್ಟೇಟಿನ ಸಾಹುಕಾರರು,
ಇಲ್ಲೇ ಹುಟ್ಟಿ ಇಲ್ಲೇ ನರ್ಸಾಗಿರುವ ಇಬ್ಬರು ಹುಡುಗಿಯರು.
"ದೇವಮಿತ್ರ ಅಯ್ಯನವರ ಬಲಗೈ,
ನಮ್ಮ ಒನೇಸಿಮಣ್ಣ, ಈಗ ಎರಡು ಮಾತು."

ಇರುವುದೂ ಎರಡೇ.
ಒಂದು ಹೇಳಬಹುದು. ಇನ್ನೊಂದು ಅಯ್ಯನವರದು.

ಹೇಳಬಹುದಾದದ್ದು:
ಕಕ್ಕಡದ ಒಂದು ಮಧ್ಯಾಹ್ನ, ಮಾಲ್ದಾರೆ ರಸ್ತೆ,
ಆನೆಕಂದಕದ ಈಚೆ ಲಂಟಾನ ತುಂಬಿದ ಇಳಿಜಾರು.
ಅಯ್ಯನವರು ಚಪ್ಪಲಿ ಬಿಟ್ಟು ನಿಂತರು.
"ಇದು ಬಾಗಿಲು, ಒನೇಸಿಮ. ಇಲ್ಲಿ ಹನ್ನೆರಡು ಮಂಚ.
ಅಲ್ಲಿ ಬಿಸಿನೀರಿನ ಹಂಡೆ. ಮೂರನೇ ಕಿಟಕಿಯಿಂದ
ಹೆತ್ತವಳಿಗೆ ಕಾಫಿ ಹೂ ಕಾಣಬೇಕು."
ನನಗೆ ಕಂಡದ್ದು ಅವರ ಹಿಮ್ಮಡಿಗೆ ಕಚ್ಚಿದ ಜಿಗಣೆ.
ಬಾಗಿ ಸುಣ್ಣ ಹಚ್ಚಿ ಬಿಡಿಸಿದೆ.
ಅವರು ತೋರಿಸುತ್ತಲೇ ಇದ್ದರು.

ಒನೇಸಿಮ ಅಂದರೆ ಕೆಲಸಕ್ಕೆ ಬರುವವನು
ಅಂತ ಹೇಳಿ ಹೆಸರಿಟ್ಟವರೂ ಅವರೇ.
ಲೈನ್‌ಮನೆಯಲ್ಲಿ ನನಗಿದ್ದ ಹೆಸರು ಅದರ ತಿರುಗುಮುರುಗು.

ಸಭೆಯ ಹಿರಿಯರು ತಲೆಯಾಡಿಸಿದರು:
ಮಡಿಕೇರಿಯಲ್ಲಿ ದೊಡ್ಡಾಸ್ಪತ್ರೆ ಇಲ್ಲವೇ, ಜೀಪಿಲ್ಲವೇ?
ಜೀಪು ಓಡಿಸುತ್ತಿದ್ದವನು ನಾನು.
ಚೆಟ್ಟಳ್ಳಿ ತಿರುವಿನಲ್ಲಿ ಚೋಮಿಯ ಕೂಗು ನಿಂತಾಗ
ಕನ್ನಡಿಯಲ್ಲಿ ಹಿಂದೆ ನೋಡಲಿಲ್ಲ.
ಸೀಟು ತೊಳೆದದ್ದು ಕಾವೇರಿಯಲ್ಲಿ, ಕತ್ತಲಾದ ಮೇಲೆ.
ಇದನ್ನು ಹಿರಿಯರಿಗೆ ಹೇಳಲಿಲ್ಲ. ಅಯ್ಯನವರಿಗೆ ಹೇಳಿದ್ದೆ.

ದುಡ್ಡಿನ ಡಬ್ಬಿಯ ಬೀಗದಕೈ ನನ್ನ ಉಡಿದಾರದಲ್ಲಿ.
"ರಸೀದಿ ಇಲ್ಲದೆ ಬಿಡಿಗಾಸೂ ಕೊಡಬೇಡ,
ನಾನು ಬಂದು ಕೇಳಿದರೂ."
ಒಮ್ಮೆ ಬಂದು ಕೇಳಿಯೇ ಬಿಟ್ಟರು, ಐವತ್ತು ರೂಪಾಯಿ,
ಅವಸರ, ಹೊರಗೆ ಯಾರೋ ಕಾಯುತ್ತಿದ್ದರು.
ನಾನು ಕೊಡಲಿಲ್ಲ.
ಮೇಸ್ತ್ರಿಯ ಮುಂದೆ ಅವರ ಮುಖ ಕೆಂಪಾಯಿತು,
ಆಮೇಲೆ ನಕ್ಕರು, ಎಷ್ಟು ನಕ್ಕರೆಂದರೆ
ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು.

ಇನ್ನು ಹೇಳಬಾರದ್ದು.
ತಾರಸಿ ಹಾಕುವ ಹಿಂದಿನ ರಾತ್ರಿ,
ಹೂಮಳೆ ಬಿದ್ದು ಎಂಟು ದಿನ, ತೋಟವೆಲ್ಲ ಬೆಳ್ಳಗೆ,
ವಾಸನೆಗೆ ತಲೆ ಭಾರ. ಮರಳುಗುಡ್ಡೆಯ ಮೇಲೆ ಕೂತು
ಅಯ್ಯನವರು ಬೀಡಿ ಕೇಳಿದರು, ಮೊದಲ ಸಲ.
"ದೇವರು ತೋರಿಸಿದ ಅಂದೆನಲ್ಲ, ಒನೇಸಿಮ,
ಪುಲ್ಪಿಟ್ಟಿನಿಂದ, ಹತ್ತು ಕಡೆ.
ನನಗೇನೂ ಕಾಣಲಿಲ್ಲ. ಲಂಟಾನ ಕಂಡಿತು.
ನೀನು ತೊಳೆದ ಸೀಟು ಕಂಡಿತು.
ಉಳಿದದ್ದು ಬಾಯಿಗೆ ಬಂತು."
ಕೆಳಗೆ ಕಂದಕದಲ್ಲಿ ಏನೋ ಬಿದಿರು ಮುರಿಯಿತು.
"ಈಗ ಏನು ಮಾಡಲಿ?"

ನಾನು ಓದಿದವನಲ್ಲ. ಕೇಳಿದ ಪ್ರಸಂಗಗಳಲ್ಲಿ
ಇದಕ್ಕೆ ಉತ್ತರ ಹುಡುಕಿದೆ, ಸಿಗಲಿಲ್ಲ.
"ಬೆಳಿಗ್ಗೆ ಏಳಕ್ಕೆ ಮಿಕ್ಸರ್ ಬರುತ್ತೆ ಅಯ್ಯಾ," ಅಂದೆ.
"ಮಲಗಿ."

ಅವರು ಮಲಗಿದರು. ನಾನು ಸಿಮೆಂಟು ಚೀಲ ಎಣಿಸಿದೆ,
ಮತ್ತೆ ಎಣಿಸಿದೆ.
ಅಲ್ಲಿಯವರೆಗೆ ಅವರ ಕಣ್ಣನ್ನು ನಂಬಿದ್ದೆ.
ಅಂದಿನಿಂದ ಅವರನ್ನು.

ಅವರನ್ನು ಇಟ್ಟ ಗುಣಿಗೆ ಮೊದಲ ಹಿಡಿ ಮಣ್ಣು ನನ್ನದು.
ಆ ರಾತ್ರಿಯ ಮಾತನ್ನು ಅವರ ಜೊತೆ ಹೂಳಬಹುದಿತ್ತು.
ಬೀಗದಕೈ ಹೊಸಬರಿಗೆ ಒಪ್ಪಿಸಿದೆ,
ಇದನ್ನು ಯಾರಿಗೆ ಒಪ್ಪಿಸಲಿ, ಯಾವ ರಸೀದಿಗೆ?

ಮೈಕು ಕುಯ್ಯೆನ್ನುತ್ತದೆ. ಬಿಷಪ್ಪರು ಗಡಿಯಾರ ನೋಡುತ್ತಾರೆ.
"ಎಲ್ಲರಿಗೂ ಸ್ತೋತ್ರ," ಅನ್ನುತ್ತೇನೆ.
"ಜೀಪಿನ ಕ್ಲಚ್ಚು ಮೂರು ಸಲ ಹಾಕಿಸಿದೆವು.
ಸಿಮೆಂಟು ಸಾವಿರದ ಇನ್ನೂರ ನಲವತ್ತು ಚೀಲ.
ಯಾರಿಗೂ ಬಾಕಿ ಇಲ್ಲ."

ನಗುತ್ತಾರೆ, ಚಪ್ಪಾಳೆ. ಶಾಲು ಹೊದಿಸುತ್ತಾರೆ.
ಮೆಟ್ಟಿಲಿಳಿಯುವಾಗ ಮೂರನೇ ಕಿಟಕಿಯತ್ತ ಕಣ್ಣು ಹೋಯಿತು:
ಸಿಲ್ವರ್ ಓಕು ಅಡ್ಡ ಬೆಳೆದಿದೆ, ಮೆಣಸಿನ ಬಳ್ಳಿ ಸಮೇತ.
ಒಳಗೆ ಮಲಗಿದವಳಿಗೆ ಹೂ ಕಾಣುವುದಿಲ್ಲ.
ನಾಳೆ ಯಾರಿಗಾದರೂ ಹೇಳಿ
ಕೊಂಬೆ ಸವರಿಸಬೇಕು.