ನೂರನೇ ಮೀಟರು

ನನ್ನ ಕೋರ್ಸಿನ ಹೆಸರು ಒಂದೇ ಉಸಿರಿಗೆ ಸಿಗುವುದಿಲ್ಲ:
ಭೂದೃಶ್ಯ ನಿರ್ವಹಣೆ ಮತ್ತು ಸಾಂಸ್ಕೃತಿಕ ಪರಂಪರೆಯ ಸಂರಕ್ಷಣೆ.
ಹಾಸನದ ಬಿ.ಎಂ. ರಸ್ತೆಯಲ್ಲಿ ಪಂಕ್ಚರ್ ಹಾಕುವ ಅಪ್ಪ
ಗಿರಾಕಿಗಳಿಗೆ ಹೇಳುವುದು ಇಷ್ಟೇ:
‘ಭೂಮಿದು ಏನೋ ಓದ್ತಾಳೆ. ಎರಡು ವರ್ಷ.’
ಸರ್ವೆ ಇಲಾಖೆ ಎಂದುಕೊಂಡ ಒಬ್ಬ
ಪಹಣಿ ಹಿಡಿದು ಮನೆಗೇ ಬಂದಿದ್ದ.

ನಾಲ್ಕನೇ ಸೆಮಿಸ್ಟರು. ಹಳೇಕೋಡಿ.
ಜಾವಗಲ್ ಬಸ್ಸಿಳಿದು ಎರಡು ಮೈಲಿ ನಡಿಗೆ.
ಊರಿಗಿಂತ ದೊಡ್ಡ ಕೆರೆ, ಕೆರೆ ಏರಿಗೆ ಆತುಕೊಂಡ ಗುಡಿ,
ಗುಡಿಯ ಮುಂದೆ ನೀಲಿ ಬೋರ್ಡು:
ಹಾನಿ ಮಾಡಿದವರಿಗೆ ಜೈಲು, ದಂಡ.
ಬೋರ್ಡಿನ ಕಾಲಿಗೆ ಯಾರದೋ ಕರು ಕಟ್ಟಿತ್ತು.

ವೃಷಭೇಂದ್ರ ಸರ್ ಹೇಳಿ ಕಳಿಸಿದ್ದರು:
ಗುಡಿಯೊಂದನ್ನೇ ನೋಡಬೇಡಿ, ಅದನ್ನು ಎಲ್ಲರೂ ನೋಡುತ್ತಾರೆ.
ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು,
ದಾರಿ ಯಾಕೆ ಇಷ್ಟು ಸೊಟ್ಟ, ಕೇಳಿ.
ಕೇಳಿದೆವು.
ನೀರಗಂಟಿ ಮೂಡ್ಲಯ್ಯ ತೂಬಿನ ಮೇಲೆ ಕೂತು
ಬೀಡಿ ಮುಗಿಯುವ ತನಕ ಸುಮ್ಮನಿದ್ದು ಅಂದ:
‘ದಾರಿ ಸೊಟ್ಟಗಿಲ್ಲ ಕಣವ್ವ,
ನೀರು ನೆಟ್ಟಗೆ ಹೋಗ್ಲಿ ಅಂತ ಪಕ್ಕಕ್ಕೆ ಸರಕೊಂಡೈತೆ.’
ಸಬೀಹಾ ಬರೆದುಕೊಂಡಳು. ನಾನು ಹಿಪ್ಪೆಮರ ಎಣಿಸುತ್ತಿದ್ದೆ.
ಈಗ ಇಬ್ಬರ ಪ್ರಬಂಧದಲ್ಲೂ ಅದೇ ಮಾತು.

ಗುಡಿಯ ಗೋಡೆ ಪದರೆದ್ದ ಕಡೆ ಮುಟ್ಟಿದರೆ
ಬೆರಳು ಬೆಳ್ಳಗಾಗುತ್ತದೆ.
ಬಳಪದ ಕಲ್ಲು.
ಪಠ್ಯದಲ್ಲಿ ಇದರ ಸೂತ್ರವಿದೆ, ಸವೆತದ ಕೋಷ್ಟಕವಿದೆ.
ನನ್ನ ನಾಲಿಗೆಗೆ ಮಾತ್ರ
ಒಂದನೇ ಕ್ಲಾಸಿನಲ್ಲಿ ಕದ್ದು ತಿಂದ ಬಳಪದ ರುಚಿ.
ಎಷ್ಟು ಸೊಂಡಿಲು ತಿಂದಿರಬಹುದು ನಾನು,
ಎಷ್ಟು ಕಾಲ್ಗೆಜ್ಜೆ.

ಮೂರನೇ ದಿನ ಟೇಪು ಎಳೆದೆವು.
ಗುಡಿಯ ಗಡಿಯಿಂದ ನೂರು ಮೀಟರು ನಿಷೇಧಿತ,
ಆಮೇಲಿನ ಇನ್ನೂರು ನಿಯಂತ್ರಿತ.
ಟೇಪು ಬೇಲಿ ದಾಟಿತು, ತಿಪ್ಪೆ ದಾಟಿತು,
ಹೊಂಬಾಳಮ್ಮನ ಹಿತ್ತಿಲ ಬಾಗಿಲು ದಾಟಿ
ಒಲೆಗೂ ನಾಗಂದಿಗೆಗೂ ನಡುವೆ
ನೂರು ಎಂದು ನಿಂತಿತು.

ಮುದ್ದೆ ತಿರುವುತ್ತಿದ್ದವಳು ಕೋಲು ಬಿಡದೆ ಕೇಳಿದಳು:
‘ಉಪ್ಪಿನ ಡಬ್ಬ ಯಾವ ಕಡೀಕೆ?’
ನಿಯಂತ್ರಿತ, ಎಂದೆ.
‘ಒಲೆ?’
ನಿಷೇಧಿತ.
‘ಹಂಗಾರೆ ದಿನಾ ಗಡಿ ದಾಟಿ ಉಪ್ಪು ತತ್ತೀನಿ ಅನ್ನು.’
ನಕ್ಕಳು. ಮಜ್ಜಿಗೆ ಕೊಟ್ಟಳು.
ನಗು ಆರಿದ ಮೇಲೆ ಟ್ರಂಕಿನಿಂದ
ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಕಾಗದ ತೆಗೆದಳು.
ಬಸುರಿ ಸೊಸೆಗೆ ಒಂದು ಪಾಯಖಾನೆ, ನಾಲ್ಕಡಿಗೆ ಆರಡಿ.
ಅರ್ಜಿ ಕೊಟ್ಟಾಗ ಮಗನ ಮದುವೆಯೂ ಆಗಿರಲಿಲ್ಲ.
‘ಓದಿದೀಯಲ್ಲ, ಏನು ಬರದವ್ರೆ ಹೇಳು.’
ಪರಿಶೀಲನೆಯಲ್ಲಿದೆ, ಎಂದಿತ್ತು.
ಎರಡು ಸಲ ಓದಿದೆ.
ಏನು ಹಾಗೆಂದರೆ, ಎಂದಳು.

ಅವಳ ಮನೆಯ ಮುಂದಿನ ಮೆಟ್ಟಿಲು ಅರ್ಧ ಆನೆ.
ಗುಡಿಯ ಅಡಿಸಾಲಿನಿಂದ ಯಾವ ಕಾಲಕ್ಕೆ ಇಳಿದು ಬಂತೋ,
ದಿನಾ ಬೆಳಗ್ಗೆ ಅದರ ಬೆನ್ನಿಗೆ ನೀರು, ರಂಗೋಲಿ.
ನಮೂನೆ ಮೂರು, ಹನ್ನೊಂದನೇ ಕಾಲಂ:
ಸ್ಥಳಾಂತರಗೊಂಡ ಭಾಗ.
ಸ್ಥಿತಿ: ಉತ್ತಮ.
ಅಪಾಯ ಯಾರಿಂದ:
ಪೆನ್ನು ಅಲ್ಲೇ ನಿಂತಿತು.
ನನ್ನ ಹೆಸರು ಬರೆಯಲೇ ಅನ್ನಿಸಿತು.
ಬರೆಯಲಿಲ್ಲ.

ಮೌಖಿಕ ಪರೀಕ್ಷೆಗೆ ಧಾರವಾಡದಿಂದ ಬಂದವರು
ನಕ್ಷೆಯ ಏಳನೇ ಹಾಳೆಯನ್ನು ಬೆಳಕಿಗೆ ಹಿಡಿದರು.
‘ಇಲ್ಲೊಂದು ದುಂಡನೆ ಗೆರೆ ಇದೆ. ಹಳೇ ಕಲ್ಯಾಣಿಯೇ?
ಸೂಚಿಯಲ್ಲಿ ಕಾಣಿಸಿಲ್ಲವಲ್ಲ.’
ಅಲ್ಲ ಸರ್, ಮಜ್ಜಿಗೆ ಲೋಟ.
ಅವತ್ತು ಇಟ್ಟದ್ದು, ಕಲೆ ಹೋಗಲಿಲ್ಲ.
ಹಿಂದಿನ ಬೆಂಚಿನಲ್ಲಿ ಸಬೀಹಾ ಕೆಮ್ಮಿದಳು.
ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು
‘ಸೂಚಿಗೆ ಸೇರಿಸಿ ತನ್ನಿ’ ಎಂದರು.

ಪ್ರಥಮ ದರ್ಜೆ.
ಅಪ್ಪ ಆ ದಿನ ಮೂರು ಪಂಕ್ಚರು ಪುಕ್ಕಟೆ ಹಾಕಿದ.
ಸಂಜೆ ಹೊಂಬಾಳಮ್ಮನಿಗೆ ಫೋನು ಮಾಡಿದೆ.
ಆ ಕಡೆ ಕೂಸು ಅಳುವ ಸದ್ದು, ಬಕೆಟ್ಟಿನ ಸದ್ದು.
‘ಪಾಸಾದ್ಯಾ? ಒಳ್ಳೇದಾಗ್ಲಿ ಕಣವ್ವ.
ಈಗಾದ್ರೂ ಆ ಕಾಗದ
ಓದಾಕೆ ಬತ್ತದಾ?’