ಎಡಸುತ್ತು

ಹಲ್ ಬಂದರಿನ ಈ ಸಾಲುಮನೆಗಳಲ್ಲಿ
ಕರೆಂಟಿನ ಪೆಟ್ಟಿಗೆ ಇರುವುದು ಮೆಟ್ಟಿಲ ಕೆಳಗೆ.
ಮಳೆಕೋಟು, ವ್ಯಾಕ್ಯೂಮು, ಯಾರೂ ಆಡದ ಡಾರ್ಟ್ ಹಲಗೆ
ಎಲ್ಲ ದಾಟಿ ಮೊಣಕಾಲೂರಿ ಹೋಗಬೇಕು.
ಹಲ್ಲಲ್ಲಿ ಟಾರ್ಚು ಕಚ್ಚಿ ಹೋದೆ.

ಬೆನ್ನ ಹಿಂದೆ ಕ್ಲಿಫರ್ಡ್ ಬ್ಲೆಂಕಿನ್ ಹೇಳುತ್ತಲೇ ಇದ್ದ:
"ಹುಷಾರು, ಆ ಪೆಟ್ಟಿಗೆ ನಾನು ಸಾಕಿದ್ದು.
ನಲವತ್ತು ವರ್ಷ. ಫ್ಯೂಸು ಹಾರಿದ್ದು ಎಷ್ಟು ಸಲವೋ,
ನಿನ್ನ ಕಸುಬಿನವನೊಬ್ಬ ಈ ಹೊಸ್ತಿಲು ತುಳಿದಿಲ್ಲ."

ಮೇನು ಇಳಿಸಿದೆ. ಫ್ರಿಜ್ಜು ನಡುಗಿ ಸುಮ್ಮನಾಯಿತು.
ಒಂದೊಂದೇ ಕಿತ್ತೆ ಕಂದು ಬೇಕಲೈಟಿನ ಫ್ಯೂಸುಗಳನ್ನು:
ಬಿಳಿ ಬೊಟ್ಟಿನದು ದೀಪಕ್ಕೆ, ನೀಲಿ ಬೊಟ್ಟಿನದು ಬಿಸಿನೀರಿಗೆ,
ಕೆಂಪು ಬೊಟ್ಟಿನವು ಎರಡು, ಒಲೆಗೊಂದು, ಗೋಡೆಯ ಸಾಕೆಟ್ಟುಗಳಿಗೊಂದು.
ಪೆಟ್ಟಿಗೆಯ ನೆತ್ತಿಯ ಮೇಲೆ ತಂತಿ ಸುತ್ತಿದ ರಟ್ಟು:
ಐದು, ಹದಿನೈದು, ಮೂವತ್ತು.
ಹದಿನೈದರದ್ದು ಖಾಲಿ. ಮೂವತ್ತರದ್ದು ಇನ್ನೂ ಇದೆ.

ಇದನ್ನು ಕಂಡರೆ ನಮಗೆ ಎದೆ ಧಸಕ್ಕೆನ್ನುತ್ತದೆ.
ತೆಳ್ಳನೆಯದು ಮುಗಿಯಿತೆಂದು ದಪ್ಪನೆಯದು ಬಿಗಿದವರನ್ನು,
ಮೊಳೆ ಇಟ್ಟವರನ್ನು, ಸಿಗರೇಟಿನ ಬೆಳ್ಳಿಹಾಳೆ ಮಡಿಸಿ ತುರುಕಿದವರನ್ನು
ನೋಡಿದ್ದೇನೆ. ಅಲ್ಲೆಲ್ಲ ತಂತಿ ಉಳಿಯುತ್ತದೆ,
ಸುಡುವುದು ಮನೆ.
ಇಲ್ಲಿ ಹಾಗಲ್ಲ. ಹದಿನೈದರ ಜಾಗದಲ್ಲಿ ಹದಿನೈದೇ,
ಕೂದಲೆಳೆಯಷ್ಟೂ ತಪ್ಪಿಲ್ಲ.
ಆದರೆ ಆ ಸುತ್ತು!

ತಿರುಪಿಗೆ ತಂತಿ ಸುತ್ತುವುದು ಗಡಿಯಾರದ ಕಡೆಗೆ,
ಮೊದಲ ವಾರವೇ ಕಲಿಸುತ್ತಾರೆ; ಇಲ್ಲವಾದರೆ
ಬಿಗಿಸಿದಷ್ಟೂ ಹೊರಕ್ಕೆ ಜಾರುತ್ತದೆ.
ಇಲ್ಲಿ ನಾಲ್ಕಕ್ಕೆ ನಾಲ್ಕೂ ಎಡಕ್ಕೆ.
ಜಾರದಿರಲೆಂದು ಪ್ರತಿಯೊಂದಕ್ಕೂ ಒಂದು ಸುತ್ತು ಹೆಚ್ಚು,
ಹೊಲಿಗೆ ಮುಗಿಸಿ ಗಂಟು ಹಾಕಿದ ಹಾಗೆ
ತುದಿ ಒಳಕ್ಕೆ ಮಡಚಿ.

"ನೀವು ಎಡಚರಾ?" ಎಂದೆ ಕತ್ತಲೊಳಗಿಂದ.
"ಛೆ! ಟ್ರಾಲರಿನ ಮೇಲೆ ಎಡಗೈಯವನ ಪಕ್ಕ
ಯಾರಯ್ಯ ಮೀನು ಸೀಳಲು ನಿಲ್ಲುತ್ತಾರೆ?
ಮೂರು ವಾರ ಕಡಲು, ಮೂರು ದಿನ ದಡ,
ಹಗ್ಗದ ಮೇಲೆ ಗೇಣುದ್ದ ಮಂಜುಗಡ್ಡೆ..."
ಅಲ್ಲಿಂದ ಅವನು ಐಸ್‌ಲೆಂಡಿಗೆ ಹೊರಟುಬಿಟ್ಟ.

ಮೂರು ವಾರ ಕಡಲು, ಮೂರು ದಿನ ದಡ.
ಫ್ಯೂಸು, ಹಡಗು ಬರುವ ದಿನ ನೋಡಿ ಹಾರುವುದಿಲ್ಲ.

ಕರೆಂಟು ಹೋಗುವ ಮೊದಲೇ ಫ್ಲಾಸ್ಕಿಗೆ ಚಹಾ ತುಂಬಿಟ್ಟಿದ್ದಳು ಮೇವಿಸ್.
ಅಡುಗೆಮನೆಯ ಕಿಟಕಿಯ ಬೂದು ಬೆಳಕಲ್ಲಿ
ಅವನ ಲೋಟಕ್ಕೆ ಸಕ್ಕರೆ ಕದಡುತ್ತಿದ್ದಳು,
ಚಮಚ ಎಡಗೈಯಲ್ಲಿ, ಎಡಕ್ಕೆ ತಿರುಗುತ್ತ.
ನನ್ನ ಅಂಗೈಯ ಹಳೆಯ ಫ್ಯೂಸುಗಳನ್ನು ನೋಡಿದಳು.
ನಾನು ಚಮಚ ನೋಡಿದೆ.
ಚಮಚ ನಿಂತಿತು.
"ಇವನ್ನೇನು ಮಾಡುತ್ತೀ?"
"ಎಸೆಯುತ್ತೇವೆ."
ನೀಲಿ ಬೊಟ್ಟಿನದನ್ನು ಎತ್ತಿ ಏಪ್ರನ್ ಜೇಬಿಗೆ ಹಾಕಿಕೊಂಡಳು,
ಬಿಸ್ಕತ್ತಿನ ಡಬ್ಬಿ ನನ್ನ ಕಡೆ ತಳ್ಳಿದಳು.

ಅದೇ ಗೂಡುಗಳಿಗೆ ಹೊಸ ಬ್ರೇಕರುಗಳು ಕಚ್ಚಿ ಕೂತವು.
ಹಾರಿದರೆ ಗುಂಡಿ ಹೊರಕ್ಕೆ ಚಿಮ್ಮುತ್ತದೆ,
ಕಾರಣ ಹುಡುಕಿ, ಸರಿಪಡಿಸಿ, ಒಳಕ್ಕೆ ಒತ್ತಿದರಾಯಿತು.
ತಂತಿ ಬೇಡ, ಮೇಣದಬತ್ತಿ ಬೇಡ,
ಯಾರ ಕೈ ಎಂದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

"ಇಷ್ಟೇನಾ!" ಕ್ಲಿಫರ್ಡನ ಮುಖ ಇಳಿದುಹೋಯಿತು.
ಆಮೇಲೆ ಚೇತರಿಸಿಕೊಂಡು ಹೆಂಡತಿಯನ್ನು ಕರೆದ:
"ಬಾ ಇಲ್ಲಿ, ಕಲಿತುಕೋ. ನಾನಿಲ್ಲದಾಗ ಹಾರಿದರೆ
ಗಾಬರಿಯಾಗಬೇಡ. ಈ ಗುಂಡಿ ಒತ್ತು, ಸಾಕು."

ಮೇವಿಸ್ ಬಗ್ಗಿದಳು, ಕೋಟುಗಳನ್ನು ಸರಿಸಿ.
"ಹೀಗಾ?" ಎಂದಳು,
ಬಲಗೈಯಲ್ಲಿ ಒತ್ತಿ.